‘ಮಕ್ಕಳಿರ್ಲಿಲ್ವಾ ಇವಳಿಗೆ?’

ಹೋದ ವರ್ಷ ಅಮ್ಮ ಸಾಗರದಿಂದ ಬಾಸ್ಟನ್‌ಗೆ ಬಂದಿದ್ದಳು, ಆರು ತಿಂಗಳಿಗೆ. ಏಪ್ರಿಲ್ ಬಂದರೂ ಚಳಿ ಪೂರ್ತಿ ಹೋಗಿರಲಿಲ್ಲ. ನಾನು ಕೆಲಸಕ್ಕೆ ಹೋದಮೇಲೆ ಕಿಟಕಿ ಪಕ್ಕ ಕೂತು ಖಾಲಿ ರಸ್ತೆ ನೋಡುವುದೇ ಅವಳ ದಿನ ಆಗಿಬಿಟ್ಟಿತ್ತು. “ಇಲ್ಲಿ ಯಾರೂ ಮನೆಯಿಂದ ಹೊರಗೇ ಬರಲ್ವೇನೇ?” ಅಂತ ಸಂಜೆ ಕೇಳುತ್ತಿದ್ದಳು. ಒಂದು ಶನಿವಾರ ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್ನರ್ ಮ್ಯೂಸಿಯಂಗೆ ಕರಕೊಂಡು ಹೋದೆ. ಮ್ಯೂಸಿಯಂ ಅಂದ ಕೂಡಲೇ ಅವಳ ಕಾಲು ನೋಯಲು ಶುರುವಾಗಿತ್ತು. ಆದರೆ ಒಳಗಿನ ಅಂಗಳಕ್ಕೆ ಬಂದು ನಿಂತವಳು ಅಲ್ಲೇ ನಿಂತುಬಿಟ್ಟಳು. ಹಳೇ ಕಟ್ಟಡ ಹೊರಗಿನಿಂದ ಬರೀ ಇಟ್ಟಿಗೆ ಗೋಡೆ. ಅಂದವೆಲ್ಲ ಒಳಮುಖಕ್ಕಿದೆ. ವೆನಿಸ್ ಕಡೆಯ ಹಳೇ ಅರಮನೆಗಳ ಕಿಟಕಿ, ಬಾಲ್ಕನಿಗಳೆಲ್ಲ ನಡುವಿನ ಅಂಗಳದ ಕಡೆಗೆ ತೆರೆದುಕೊಂಡಿವೆ. ಮೇಲೆ ಗಾಜಿನ ಚಾವಣಿ, ಕೆಳಗೆ ನಡುವೆ ರೋಮನ್ ಕಾಲದ ಮೊಸಾಯಿಕ್ ನೆಲ. ಮೂರನೇ ಮಹಡಿಯ ಬಾಲ್ಕನಿಗಳಿಂದ ಕಿತ್ತಳೆ ಹೂವಿನ ನಸ್ಟರ್ಷಿಯಂ ಬಳ್ಳಿಗಳು ಉದ್ದಕ್ಕೆ ಜೋತು ಬಿದ್ದಿದ್ದವು. ಪ್ರತಿ ವರ್ಷ ಇದೇ ಸಮಯಕ್ಕೆ ಕೆಲವೇ ವಾರ ಇವನ್ನು ಇಳಿಬಿಡುತ್ತಾರೆ, ಇದನ್ನೆಲ್ಲ ಕಟ್ಟಿಸಿದ ಇಸಬೆಲ್ಲಾ ಇದ್ದಾಗಿನಿಂದ ಬಂದ ಪದ್ಧತಿ. ಅಮ್ಮ ಸ್ವಲ್ಪ ಹೊತ್ತು ಮೇಲೆ ಕೆಳಗೆ ನೋಡಿ, “ತೊಟ್ಟಿ ಮನೆ ಕಣೇ ಇದು” ಅಂದಳು. ನಾನು ಇಲ್ಲಿಗೆ ಏಳೆಂಟು ಸಲ ಬಂದಿದ್ದೇನೆ. ಒಂದು ಸಲವೂ ನನಗದು ಹೊಳೆದಿರಲಿಲ್ಲ.

ಮೂರನೇ ಮಹಡಿಯಲ್ಲಿ ಗಾಥಿಕ್ ರೂಮ್ ಅಂತ ಒಂದು ಕೋಣೆ ಇದೆ. ಕತ್ತಲು ಕತ್ತಲು, ಮರದ ಕೆತ್ತನೆ ಜಾಸ್ತಿ. ಅದರ ಮೂಲೆಯಲ್ಲಿ ಇಸಬೆಲ್ಲಾಳ ಆಳೆತ್ತರದ ಚಿತ್ರ. ಜಾನ್ ಸಿಂಗರ್ ಸಾರ್ಜೆಂಟ್ 1888ರಲ್ಲಿ ಬರೆದದ್ದು. ಕಪ್ಪು ಉಡುಪು, ಮುಂದೆ ಹೆಣೆದುಕೊಂಡ ಎರಡೂ ಕೈ, ನಮ್ಮ ಕಡೆಗೇ ನೇರ ನೋಟ. ಕುತ್ತಿಗೆಗೆ ಮುತ್ತು ಮತ್ತು ಕೆಂಪು ಕಲ್ಲು. ಸೊಂಟಕ್ಕೂ ಮುತ್ತಿನ ಸರ, ನಮ್ಮ ಡಾಬಿನ ಹಾಗೆ. ಕಾಲಿನ ಶೂಗಳ ತುದಿಯಲ್ಲೂ ಕೆಂಪು ಕಲ್ಲು ಮಿನುಗುತ್ತದೆ. ಬಾಯಿ ಸ್ವಲ್ಪ ತೆರೆದಿದೆ, ಏನೋ ಹೇಳಲು ಹೊರಟವರ ಹಾಗೆ. ಬೆನ್ನ ಹಿಂದೆ ಇಟಲಿಯ ಹಳೇ ಮಖಮಲ್ಲು ಬಟ್ಟೆ. ಆ ಬಟ್ಟೆ ಇಸಬೆಲ್ಲಾಳದೇ. ಅದರ ವಿನ್ಯಾಸವನ್ನು ಸಾರ್ಜೆಂಟ್ ದೊಡ್ಡದು ಮಾಡಿ, ಅವಳ ತಲೆಯ ಸುತ್ತ ಸರಿಯಾಗಿ ಒಂದು ಮಂಡಲ ಬರುವ ಹಾಗೆ ಕೂಡಿಸಿದ್ದಾನೆ.

“ಪ್ರಭಾವಳಿ ಇಟ್ಟಿದಾರಲ್ಲೇ” ಅಂದಳು ಅಮ್ಮ. ಆಮೇಲೆ ಹತ್ತಿರ ಹೋಗಿ ಮುಖ ನೋಡಿದಳು. “ಇಷ್ಟೆಲ್ಲ ಊರಿಗೆ ಬಿಟ್ಟು ಹೋದ್ಲಾ? ಮಕ್ಕಳಿರ್ಲಿಲ್ವಾ ಇವಳಿಗೆ?”

ಒಬ್ಬ ಗಂಡು ಮಗ ಇದ್ದ, ಎರಡು ವರ್ಷ ತುಂಬುವ ಮೊದಲೇ ನ್ಯುಮೋನಿಯಾದಿಂದ ಹೋಗಿಬಿಟ್ಟ ಅಂದೆ.

“ಅದಕ್ಕೇ ಮತ್ತೆ.”

ಅಷ್ಟೇ ಅಂದದ್ದು. ಅಮ್ಮನ ಕಣ್ಣಲ್ಲಿ ನಿಜವಾದ ಮರುಕ ಇತ್ತು. ಆದರೂ ಆ “ಅದಕ್ಕೇ” ನನ್ನೊಳಗೆ ಮುಳ್ಳಿನ ಹಾಗೆ ಉಳಿದುಕೊಂಡಿದೆ. ವರ್ಷ ಆಯಿತು. ಬರೆದಾದರೂ ನೋಡೋಣ ಅಂತ ಕೂತಿದ್ದೇನೆ.

ಅದಕ್ಕೇನಾ?

ಮೊದಲು ಅಮ್ಮನ ಪರವಾಗಿ ಹೇಳಬೇಕು. ಇಸಬೆಲ್ಲಾ ಹುಟ್ಟಿದ್ದು 1840ರಲ್ಲಿ, ನ್ಯೂಯಾರ್ಕಿನಲ್ಲಿ. ಇಪ್ಪತ್ತು ತುಂಬುವ ಹೊತ್ತಿಗೆ ಜಾಕ್ ಗಾರ್ಡ್ನರ್ ಜೊತೆ ಮದುವೆಯಾಗಿ ಬಾಸ್ಟನ್‌ಗೆ ಬಂದಳು. ಮಗ 1863ರಲ್ಲಿ ಹುಟ್ಟಿದ, 1865ರ ಮಾರ್ಚಿನಲ್ಲಿ ತೀರಿಕೊಂಡ. ಆಮೇಲೆ ಗರ್ಭಪಾತವಾಯಿತು, ಇನ್ನು ಮಕ್ಕಳಾಗುವುದಿಲ್ಲ ಅಂದರು ಡಾಕ್ಟರು. ಎರಡು ವರ್ಷ ಆಕೆ ಹಾಸಿಗೆ ಹಿಡಿದವಳ ಹಾಗೆ ಇದ್ದಳು. ಯುರೋಪಿಗೆ ಹೋಗಿ ಬನ್ನಿ ಅಂತ ವೈದ್ಯರು ಹೇಳಿದಾಗ, 1867ರಲ್ಲಿ, ಅವಳನ್ನು ಹಾಸಿಗೆಯ ಸಮೇತ ಹಡಗಿಗೆ ಹೊತ್ತುಕೊಂಡು ಹೋದರಂತೆ. ಆ ದುಃಖ ಸಣ್ಣದಲ್ಲ. ಗಾಥಿಕ್ ರೂಮಿನಲ್ಲೇ ಜೊತ್ತೋ ಬರೆದ ಒಂದು ಪುಟ್ಟ ಚಿತ್ರ ಇದೆ. ದೇವಾಲಯದಲ್ಲಿ ಮುದುಕ ಸಿಮಿಯೋನನ ಕೈಗೆ ಕೊಟ್ಟ ಶಿಶು ಯೇಸು ತಾಯಿಯ ಕಡೆಗೆ ಕೈ ಚಾಚುತ್ತಿದೆ. ತನ್ನ ಚಿತ್ರ ಇರುವ ಕೋಣೆಯಲ್ಲೇ ಅದನ್ನೂ ಇಟ್ಟಳು ಅಂದರೆ ನನ್ನ ಹೊಟ್ಟೆಯೂ ಚುರುಕ್ ಅನ್ನುತ್ತದೆ.

ಆದರೆ ಇದು ಅರ್ಧ ಕಥೆ. 1875ರಲ್ಲಿ ಜಾಕ್‌ನ ಅಣ್ಣ ತೀರಿಕೊಂಡ. ಅತ್ತಿಗೆ ಮೊದಲೇ ಹೋಗಿದ್ದಳು. ಅವರ ಮೂರು ಗಂಡುಮಕ್ಕಳನ್ನು ಇಸಬೆಲ್ಲಾ ಮತ್ತು ಜಾಕ್ ತಮ್ಮ ಮನೆಗೆ ಕರಕೊಂಡು ಬಂದು ಬೆಳೆಸಿದರು. ಇದನ್ನು ವಾಪಸ್ ಬರುವಾಗ ಕಾರಿನಲ್ಲಿ ಹೇಳಿದೆ. ಅಮ್ಮ ತಟ್ಟನೆ, “ಮತ್ತೆ ಮಕ್ಕಳಿಲ್ಲ ಅಂದ್ಯಲ್ಲ?” ಅಂದಳು. ಸರಿಯಾದ ಮಾತು. ಆಕೆಯ ಬಗ್ಗೆ ಎಲ್ಲೇ ಹೇಳಿದರೂ ಸತ್ತ ಮಗನ ಹೆಸರು ಮೊದಲು ಬರುತ್ತದೆ, ಸಾಕಿದ ಮೂವರು ಎಲ್ಲೋ ಕೊನೆಗೆ ಬರುತ್ತಾರೆ. ನಾನೂ ಹಾಗೇ ಹೇಳಿದ್ದೆ.

ನಮ್ಮ ಕಡೆ ಸಾಲುಮರದ ತಿಮ್ಮಕ್ಕನ ವಿಷಯದಲ್ಲೂ ಇದೇ ನಡೆಯಿತು ಅಂತ ಅನ್ನಿಸುತ್ತದೆ. ಮಕ್ಕಳಾಗಲಿಲ್ಲ, ಮರಗಳನ್ನೇ ಮಕ್ಕಳು ಅಂದುಕೊಂಡರು. ಶಾಲೆಯ ಪುಟ್ಟ ಮಕ್ಕಳಿಗೂ ಈ ಒಂದು ಸಾಲು ಗೊತ್ತು. ಅದು ಸುಳ್ಳೇನೂ ಅಲ್ಲ, ತಿಮ್ಮಕ್ಕನೇ ತಮ್ಮ ಬಾಯಲ್ಲಿ ಆ ನೋವನ್ನು ಹೇಳಿಕೊಂಡಿದ್ದಾರೆ. ಆದರೆ ಹುಳಿಕಲ್‌ನಿಂದ ಕುದೂರಿನ ತನಕ 385 ಆಲದ ಮರ ಬರೀ ದುಃಖದಿಂದ ಬೆಳೆಯುವುದಿಲ್ಲ. ಗಂಡ ಚಿಕ್ಕಯ್ಯನವರ ಜೊತೆ ಬಿಂದಿಗೆಯಲ್ಲಿ ನೀರು ಹೊರಬೇಕು, ದನ ಬಾಯಿ ಹಾಕದ ಹಾಗೆ ಮುಳ್ಳಿನ ಬೇಲಿ ಕಟ್ಟಬೇಕು, ಯಾವ ಕೊಂಬೆ ನೆಟ್ಟರೆ ಚಿಗುರುತ್ತದೆ ಅಂತ ತಿಳಿದಿರಬೇಕು. ಆ ತಿಳಿವಳಿಕೆ, ಆ ಹಟ, ಬೆಳಿಗ್ಗೆ ಎದ್ದು ಗಿಡ ಚಿಗುರಿದ್ದು ನೋಡಿದಾಗಿನ ಖುಷಿ, ಇದರ ಬಗ್ಗೆ ನಾವು ಎಷ್ಟು ಕೇಳಿದ್ದೇವೆ? ಗಂಡಸು ಛತ್ರ ಕಟ್ಟಿಸಿದರೆ ಧರ್ಮಾತ್ಮ ಅನ್ನುತ್ತೇವೆ. ಹೆಂಗಸು ಕಟ್ಟಿಸಿದರೆ ಅವಳಿಗೆ ಏನು ಇರಲಿಲ್ಲ ಅಂತ ಹುಡುಕುತ್ತೇವೆ.

ಇಸಬೆಲ್ಲಾಳಿಗೆ ಇದ್ದದ್ದು ಆಸೆ. ಅದನ್ನು ಆಕೆ ಮುಚ್ಚಿಟ್ಟವಳೂ ಅಲ್ಲ. 1883–84ರಲ್ಲಿ ಗಂಡ ಹೆಂಡತಿ ಜಪಾನ್, ಚೀನಾ, ಕಾಂಬೋಡಿಯಾ, ಜಾವಾ ಎಲ್ಲ ಸುತ್ತಿ ನಮ್ಮ ದೇಶಕ್ಕೂ ಬಂದಿದ್ದರು. ಹೋದಲ್ಲೆಲ್ಲ ಫೋಟೊ ಕೊಂಡು, ಎಲೆ ಹೂವು ಒಣಗಿಸಿ, ದೊಡ್ಡ ದೊಡ್ಡ ಆಲ್ಬಂಗಳಲ್ಲಿ ಅಂಟಿಸುತ್ತಿದ್ದಳು. 1891ರಲ್ಲಿ ಅಪ್ಪ ತೀರಿಕೊಂಡಾಗ 15 ಲಕ್ಷ ಡಾಲರ್‌ಗಿಂತ ಜಾಸ್ತಿ ಆಸ್ತಿ ಬಂತು. ಮರುವರ್ಷವೇ ಪ್ಯಾರಿಸ್ಸಿನ ಹರಾಜಿನಲ್ಲಿ ಡಚ್ ಕಲಾವಿದ ವರ್ಮೀರ್‌ನ ‘ದಿ ಕನ್ಸರ್ಟ್’ ಚಿತ್ರ ಕೊಂಡಳು. 1896ರಲ್ಲಿ ಟಿಶನ್ ಬರೆದ ಯುರೋಪಾ ಚಿತ್ರ ಬಂತು. ಅದೇ ವರ್ಷ ಗಂಡ ಹೆಂಡತಿ ಕೂತು, ಇದನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ, ಎಲ್ಲರೂ ನೋಡುವ ಹಾಗೆ ಒಂದು ಮ್ಯೂಸಿಯಂ ಕಟ್ಟೋಣ ಅಂತ ತೀರ್ಮಾನಿಸಿದರು. ಎರಡು ವರ್ಷಕ್ಕೆ ಜಾಕ್ ತೀರಿಕೊಂಡ. ಗಂಡ ಹೋದ ಕೆಲವೇ ವಾರದಲ್ಲಿ ಆಕೆ ಫೆನ್ವೇ ಎಂಬಲ್ಲಿ ಜಾಗ ಕೊಂಡಳು. ಆಗ ಆ ಕಡೆ ಊರೇ ಸರಿಯಾಗಿ ಬೆಳೆದಿರಲಿಲ್ಲ.

ಕಟ್ಟುವಾಗ ದಿನಾ ಬಂದು ನಿಲ್ಲುತ್ತಿದ್ದಳು. ಅಂಗಳದ ಗೋಡೆಗೆ ತಿಳಿ ಗುಲಾಬಿ ಬಣ್ಣ ಹೇಗೆ ಬರಬೇಕು ಅಂತ ಪೇಂಟರುಗಳಿಗೆ ಎಷ್ಟು ಹೇಳಿದರೂ ಅರ್ಥವಾಗದಿದ್ದಾಗ, ತಾನೇ ಅಟ್ಟಣಿಗೆ ಹತ್ತಿ ಸ್ಪಂಜನ್ನು ಬಣ್ಣದಲ್ಲಿ ಅದ್ದಿ ಬಳಿದು ತೋರಿಸಿದಳಂತೆ. ಅರವತ್ತು ವರ್ಷ ಆಗ. ಬಾಗಿಲ ಮೇಲೆ ಫ್ರೆಂಚ್‌ನಲ್ಲಿ ಒಂದು ಮಾತು ಕೆತ್ತಿಸಿದಳು: ‘ಸೆ ಮೊ ಪ್ಲೆಝಿರ್’. ಇದು ನನ್ನ ಖುಷಿ ಅಂತ ಅರ್ಥ. ಮಗನ ನೆನಪಿಗೆ, ಗಂಡನ ನೆನಪಿಗೆ ಅಂತ ಕೆತ್ತಿಸಬಹುದಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ. ಆಕೆ ಬರೆಸಿದ್ದು ಖುಷಿ ಅಂತ. ನನ್ನ ಮಟ್ಟಿಗೆ ಅಮ್ಮನ ಪ್ರಶ್ನೆಗೆ ಉತ್ತರ ಆ ಬಾಗಿಲ ಮೇಲೇ ಇದೆ.

ಮೂವತ್ತಾರು ವರ್ಷ

ಈಗ ಚಿತ್ರದ ವಿಷಯಕ್ಕೆ ಬರುತ್ತೇನೆ. 1888ರಲ್ಲಿ ಆಕೆಗೆ 47, ಸಾರ್ಜೆಂಟನಿಗೆ 32. ಬೀಕನ್ ಸ್ಟ್ರೀಟಿನ ಅವರ ಮನೆಯಲ್ಲೇ ಬರೆದದ್ದು. ಆಕೆ ಒಂದು ಕಡೆ ನಿಲ್ಲುವವಳಲ್ಲ. ಕಿಟಕಿಯಿಂದ ಹೊಳೆ ಕಾಣುತ್ತಿತ್ತು, ದೋಣಿ ಹೋದರೆ ಅತ್ತ ತಿರುಗುತ್ತಿದ್ದಳು. ಸಾರ್ಜೆಂಟ್ ಎಂಟು ಸಲ ಮುಖ ಬರೆದು ಎಂಟು ಸಲ ಅಳಿಸಿದ, ನನ್ನ ಕೈಲಾಗಲ್ಲ ಅಂತ ಕುಂಚ ಕೆಳಗಿಡುವವನಿದ್ದ ಅಂತ ಹೇಳುತ್ತಾರೆ. ಒಂಬತ್ತು ಕವಿ ದಾಂತೆಯ ಸಂಖ್ಯೆ, ಒಂಬತ್ತನೇ ಸಲ ಬಂದೇ ಬರುತ್ತದೆ ಅಂತ ಆಕೆಯೇ ಅವನನ್ನು ಒಪ್ಪಿಸಿದಳಂತೆ. ಬಂತು.

ಆ ಜನವರಿಯಲ್ಲೇ ಬಾಸ್ಟನ್ನಿನ ಸೇಂಟ್ ಬೊಟಾಲ್ಫ್ ಕ್ಲಬ್ಬಿನಲ್ಲಿ ಸಾರ್ಜೆಂಟನ ಚಿತ್ರಗಳ ಪ್ರದರ್ಶನ ನಡೆಯಿತು. ಇದನ್ನೂ ಇಟ್ಟರು. ಊರು ಮಾತಾಡತೊಡಗಿತು. ಕುತ್ತಿಗೆ ಎಷ್ಟು ಕೆಳಗಿನ ತನಕ ಕಾಣುತ್ತದೆ, ಸೊಂಟಕ್ಕೆ ಮುತ್ತು ಯಾಕೆ, ಹೀಗೆ ನೆಟ್ಟಗೆ ನೋಡುವುದು ಯಾಕೆ. ಆಕೆಗೆ ಆತ್ಮೀಯನಾಗಿದ್ದ ಒಬ್ಬ ಲೇಖಕನ ಹೆಸರನ್ನು ಆ ಉಡುಪಿನ ಕುತ್ತಿಗೆಗೆ ಜೋಡಿಸಿ ಗಂಡಸರು ಕ್ಲಬ್ಬಿನಲ್ಲಿ ಒಂದು ಕೊಳಕು ಮಾತು ಕಟ್ಟಿದರು. ಅದು ಜಾಕ್‌ನ ಕಿವಿಗೂ ಬಿತ್ತು. ನಾನು ಬದುಕಿರುವ ತನಕ ಈ ಚಿತ್ರವನ್ನು ಇನ್ನೊಮ್ಮೆ ಜನರ ಮುಂದೆ ಇಡಕೂಡದು ಅಂದ ಅವನು. ಹಾಗೇ ಆಯಿತು. ಅವನು ಹೋದಮೇಲೂ ಆಕೆ ಇಡಲಿಲ್ಲ. 1903ರ ಜನವರಿ 1ರ ರಾತ್ರಿ ಬಾಸ್ಟನ್ ಸಿಂಫನಿಯವರ ಸಂಗೀತದ ಜೊತೆ ಮ್ಯೂಸಿಯಂ ತೆರೆಯಿತು, ಒಂದೊಂದೇ ಕೋಣೆ ಊರಿನದಾಯಿತು. ಗಾಥಿಕ್ ರೂಮ್ ಮಾತ್ರ ಜನರಿಗೆ ತೆರೆಯಲಿಲ್ಲ. 1924ರಲ್ಲಿ ಆಕೆ ಸಾಯುವ ತನಕ ಆ ಬಾಗಿಲು ಹಾಕಿಯೇ ಇತ್ತು.

ಒಟ್ಟು ಮೂವತ್ತಾರು ವರ್ಷ. ಎಲ್ಲವನ್ನೂ ಊರಿಗೆ ಕೊಡುವ ಹೆಂಗಸು ತನ್ನ ಒಂದು ಮುಖವನ್ನು ಮಾತ್ರ ಕೊಡಲಿಲ್ಲ. ಅದು ಗಂಡನ ಮೇಲಿನ ಗೌರವ ಇರಬಹುದು, ನೋವು ಇರಬಹುದು. ಆದರೆ ಚಿತ್ರವನ್ನು ಆಕೆ ಸುಟ್ಟು ಹಾಕಲಿಲ್ಲ, ಮಡಚಿ ಅಟ್ಟಕ್ಕೆ ಹಾಕಲಿಲ್ಲ. ನಿಂತ ಭಂಗಿಯಲ್ಲೇ, ಪ್ರಭಾವಳಿಯ ಸಮೇತ, ಒಂದು ಇಡೀ ಕೋಣೆ ಕೊಟ್ಟು ಇಟ್ಟಳು. ನಾನು ಹೋದಮೇಲೆ ನೋಡಿ ಅಂತ.

ಅಮ್ಮನ ಟ್ರಂಕು

ಈ ಕಥೆಯನ್ನು ಅಮ್ಮನಿಗೆ ಹೇಳಿದ್ದು ಅವತ್ತು ರಾತ್ರಿ, ಊಟ ಆದಮೇಲೆ. ಸಾರಿನ ಪಾತ್ರೆ ತೊಳೆಯುತ್ತಿದ್ದಳು, ಬೇಡ ಅಂದರೂ ಕೇಳುವುದಿಲ್ಲ. ಕ್ಲಬ್ಬಿನ ಮಾತು, ಗಂಡ ಚಿತ್ರ ಮತ್ತೆ ಇಡಕೂಡದು ಅಂದದ್ದು ಎಲ್ಲ ಹೇಳಿದೆ. ಅಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳುತ್ತಾ, “ನಂದೂ ಹಾಗೇ ಆಗಿತ್ತಲ್ಲ” ಅಂದಳು.

ಅವಳಿಗೆ ಆಗ ಹದಿನೇಳು. ಬೇಸಿಗೆ, ಮಲ್ಲಿಗೆ ಮೊಗ್ಗು ಸೇರುಗಟ್ಟಲೆ ಸಿಗುವ ಕಾಲ. ಅತ್ತಿಗೆ ಒಬ್ಬರು ಮಧ್ಯಾಹ್ನ ಪೂರ್ತಿ ಕೂತು ಮೊಗ್ಗಿನ ಜಡೆ ಹೆಣೆದಿದ್ದರಂತೆ. ಜಡೆ ಬಾಡುವ ಮೊದಲು ಫೋಟೊ ತೆಗೆಸಬೇಕು ಅಂತ ಅಮ್ಮನನ್ನು ಪೇಟೆಯ ಸ್ಟುಡಿಯೋಗೆ ಕರಕೊಂಡು ಹೋದವರೂ ಅವರೇ. ಅಜ್ಜಿಯ ಅವಲಕ್ಕಿ ಸರ, ಯಾರದೋ ಬಂಗಾರದ ವಂಕಿ. ಜಡೆ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟು ತೆಗೆದರು. ಫೋಟೊ ಚೆನ್ನಾಗಿ ಬಂದಿತ್ತು. ಎಷ್ಟು ಚೆನ್ನಾಗಿ ಅಂದರೆ ಸ್ಟುಡಿಯೋದವರು ಅದರ ದೊಡ್ಡ ಪ್ರಿಂಟ್ ಹಾಕಿಸಿ, ಯಾರನ್ನೂ ಕೇಳದೆ, ರಸ್ತೆಗೆ ಕಾಣುವ ಗಾಜಿನ ಶೋಕೇಸಿನಲ್ಲಿ ಇಟ್ಟುಬಿಟ್ಟರು.

ಒಂದು ವಾರ ಇತ್ತೇನೋ. ಅಡಿಕೆ ಮಂಡಿಯಲ್ಲಿ ಯಾರೋ ಅಜ್ಜನಿಗೆ, “ನಿಮ್ಮ ಹುಡುಗಿ ಪೇಟೇಲಿ ನಿಂತಿದಾಳಲ್ಲ” ಅಂದರಂತೆ. ಅಜ್ಜ ನೇರ ಸ್ಟುಡಿಯೋಗೆ ಹೋದರು, ದುಡ್ಡು ಕೊಟ್ಟು ಆ ಪ್ರಿಂಟ್ ತೆಗೆಸಿದರು, ಪೇಪರಿನಲ್ಲಿ ಸುತ್ತಿ ತಂದು ಅಜ್ಜಿಯ ಕೈಗೆ ಕೊಟ್ಟರು. ಅಮ್ಮನಿಗೆ ಒಂದು ಮಾತೂ ಬೈಯಲಿಲ್ಲ. “ಬೈದಿದ್ರೆ ಬೇಜಾರು ಕಮ್ಮಿ ಆಗ್ತಿತ್ತೋ ಏನೋ” ಅಂದಳು. ಅಜ್ಜಿ ಅದನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಹಾಕಿದರು. ಅಮ್ಮ ಆ ಫೋಟೊವನ್ನು ಮತ್ತೆ ನೋಡಿದ್ದು ಅಜ್ಜಿ ತೀರಿಕೊಂಡ ಮೇಲೆ, ಟ್ರಂಕು ಖಾಲಿ ಮಾಡುವಾಗ. ಅಷ್ಟು ಹೊತ್ತಿಗೆ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ನನಗೆ ಆಗಲೂ ಹೇಳಿರಲಿಲ್ಲ.

“ಶೋಕೇಸಲ್ಲಿ ಇದ್ದಾಗ ನೀನು ನೋಡಿದ್ಯಾ ಅಮ್ಮ?” ಅಂತ ಕೇಳಿದೆ.

“ಎರಡು ಸಲ. ಆ ದಾರೀಲೇ ಕಾಲೇಜಿಗೆ ಹೋಗ್ತಿದ್ದಿದ್ದು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೆನ್ನಾಗಿತ್ತು ಕಣೇ” ಅಂದಳು.

ಅಜ್ಜನ ಮೇಲೆ ನನಗೆ ಸಿಟ್ಟು ಬರಲಿಲ್ಲ ಅಂತ ಹೇಳಲಾರೆ. ಅವರಿಗೆ ಮಗಳ ಮೇಲೆ ಪ್ರೀತಿ ಇತ್ತು, ಜಾಕ್‌ಗೂ ಹೆಂಡತಿಯ ಮೇಲೆ ಪ್ರೀತಿ ಇತ್ತು. ಆದರೆ ಮಾತಾಡಿದವರು ಬೇರೆ ಯಾರೋ, ಬಾಗಿಲು ಹಾಕಿದ್ದು ಹುಡುಗಿಯ ಮೇಲೆ. ಬಾಸ್ಟನ್ನಿನ ಕೋಟ್ಯಧಿಪತಿಯ ಮನೆಗೂ ಸಾಗರದ ಅಡಿಕೆ ಬೆಳೆಗಾರನ ಮನೆಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವೇ ಇಲ್ಲ ಅನ್ನುವುದು ನನಗೆ ಇವತ್ತಿಗೂ ಅರಗದ ಸಂಗತಿ. ಒಂದೇ ವ್ಯತ್ಯಾಸ ಅಂದರೆ ಇಸಬೆಲ್ಲಾಳಿಗೆ ಕೋಣೆ ಇತ್ತು. ಅಮ್ಮನಿಗೆ ಟ್ರಂಕು.

ಕೊಟ್ಟದ್ದು, ಕಟ್ಟಿಹಾಕಿದ್ದು

ಆಕೆಯನ್ನು ದೇವತೆ ಮಾಡುವುದು ನನ್ನ ಉದ್ದೇಶವಲ್ಲ. ಬರ್ನಾರ್ಡ್ ಬೆರೆನ್ಸನ್ ಎಂಬ ಕಲಾ ಪಂಡಿತ ಅವಳಿಗಾಗಿ ಯುರೋಪಿನ ತುಂಬ ಹುಡುಕುತ್ತಿದ್ದ. ಯುರೋಪಾ ಚಿತ್ರ ಬಂದದ್ದು ಇಂಗ್ಲೆಂಡಿನ ಒಂದು ದೊಡ್ಡ ಮನೆತನದಿಂದ. ಚರ್ಚುಗಳಿಗಾಗಿ ಮಾಡಿದ ವಿಗ್ರಹ, ಬಲಿಪೀಠದ ಚಿತ್ರಗಳೂ ಇಲ್ಲಿವೆ. ಯಾರೋ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದ ವಸ್ತುವನ್ನು ನಾನು ಟಿಕೆಟ್ ತಗೊಂಡು ನೋಡುವಾಗ ಪ್ರತಿ ಸಲ ಮನಸ್ಸು ಇರುಸುಮುರುಸಾಗುತ್ತದೆ. ನಮ್ಮ ಊರಿನ ದೇವಸ್ಥಾನದ ಉತ್ಸವಮೂರ್ತಿ ಹೀಗೆ ಯಾವುದೋ ದೇಶದ ಗೋಡೆಯಲ್ಲಿ ಇದ್ದಿದ್ದರೆ ಅಂತ ಯೋಚನೆ ಬರುತ್ತದೆ. ಅವಳ ಹಣ ಅವಳಿಗೆ ಅಪ್ಪನಿಂದ, ಗಂಡನಿಂದ ಬಂದದ್ದು. ಅದು ಇಲ್ಲದಿದ್ದರೆ ಈ ಯಾವ ಖುಷಿಯೂ ಇರುತ್ತಿರಲಿಲ್ಲ.

ಆದರೆ ಆ ಹಣವನ್ನು ಆಕೆ ತನ್ನ ಮೇಲೆ ಸುರಿದುಕೊಳ್ಳಲಿಲ್ಲ ಅನ್ನುವುದೂ ನಿಜ. ಮ್ಯೂಸಿಯಂನ ನಾಲ್ಕನೇ ಮಹಡಿಯಲ್ಲಿ ತಾನು ವಾಸವಿದ್ದಳು. ಕೊನೆಯ ವರ್ಷಗಳಲ್ಲಿ ಮನೆ ಖರ್ಚು ಹಿಡಿದು ಹಿಡಿದು ಮ್ಯೂಸಿಯಂಗೆ ಉಳಿಸಿದಳು. ಉಯಿಲಿನಲ್ಲಿ 10 ಲಕ್ಷ ಡಾಲರ್ ನಿಧಿ ಇಟ್ಟು, ಇದು ಎಂದೆಂದಿಗೂ ಜನರ ಕಲಿಕೆಗೆ, ಸಂತೋಷಕ್ಕೆ ಅಂತ ಬರೆದಳು. ಮಕ್ಕಳನ್ನು ಹಿಂಸೆಯಿಂದ ಕಾಪಾಡುವ ಸಂಸ್ಥೆಗೆ, ಅಂಗವಿಕಲ ಮಕ್ಕಳ ಶಾಲೆಗೆ, ಪ್ರಾಣಿಗಳ ಆರೈಕೆ ಮಾಡುವವರಿಗೂ ಹಣ ಬಿಟ್ಟಳು. ಜೊತೆಗೆ ಒಂದು ಷರತ್ತು: ನಾನು ಇಟ್ಟ ಹಾಗೇ ಎಲ್ಲವೂ ಇರಬೇಕು. ಜೋಡಣೆ ಬದಲಿಸಿದರೆ ಎಲ್ಲ ಮಾರಿ ಹಣ ಹಾರ್ವರ್ಡ್‌ಗೆ ಹೋಗಬೇಕು.

ಇದನ್ನು ಕೇಳಿ ತುಂಬ ಜನ ಮುಖ ಸಿಂಡರಿಸುತ್ತಾರೆ. ಕೊಟ್ಟಮೇಲೆ ಕೈ ಬಿಡಬೇಕು ಅಲ್ವಾ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಲ್ವಾ ಅಂತ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಟಿಶನ್ ರೂಮಿನಲ್ಲಿ ಅಮ್ಮ ತೋರಿಸಿದ ಮೇಲೆ ಬೇರೆ ಅನ್ನಿಸಿತು. ಅಲ್ಲಿ ಯುರೋಪಾ ಚಿತ್ರದ ಕೆಳಗೆ ಗೋಡೆಗೆ ಒಂದು ರೇಷ್ಮೆ ಬಟ್ಟೆ ಹಾಕಿದೆ. ಅದು ಇಸಬೆಲ್ಲಾಳ ಉಡುಪಿನಿಂದ ಕತ್ತರಿಸಿದ್ದು ಅಂತ ಗೊತ್ತಾದಾಗ ಅಮ್ಮ ಚಿತ್ರ ಬಿಟ್ಟು ಬಟ್ಟೆಯನ್ನೇ ನೋಡಿದಳು. ಅಜ್ಜಿ ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರು. ಇದು ನನ್ನ ಧಾರೆ ಸೀರೆ, ಇದು ನಿಮ್ಮ ದೊಡ್ಡಮ್ಮನ ಬಾಣಂತನದ್ದು ಅಂತ ತುಂಡು ತುಂಡಿಗೂ ಹೇಳುತ್ತಿದ್ದರು. ಅಂಥ ಕೌದಿಯನ್ನು ಯಾರಿಗೋ ಕೊಟ್ಟು, ಬೇಕಾದ ಹಾಗೆ ಬಿಚ್ಚಿ ಮತ್ತೆ ಹೊಲಿದುಕೊಳ್ಳಿ ಅನ್ನಲು ಆಗುತ್ತದಾ? ಅದೇ ಕೋಣೆಯಲ್ಲಿ ಶಿಲುಬೆ ಹೊತ್ತ ಯೇಸುವಿನ ಪುಟ್ಟ ಚಿತ್ರದ ಮುಂದೆ ಬೆಳ್ಳಿ ಬಟ್ಟಲಿನಲ್ಲಿ ನೇರಳೆ ಹೂವು ಇಡುತ್ತಿದ್ದಳು. ಈಗಲೂ ಇಡುತ್ತಾರೆ. ಅವಳು ಕೊಟ್ಟದ್ದು ಬರೀ ಚಿತ್ರಗಳಲ್ಲ, ತನ್ನ ಕಣ್ಣು ಅವನ್ನು ನೋಡಿದ ರೀತಿ.

1990ರ ಮಾರ್ಚ್ 18ರಂದು ಈ ಮ್ಯೂಸಿಯಂನಲ್ಲಿ ಒಂದು ದೊಡ್ಡ ಕಳ್ಳತನ ಆಯಿತು. ಪೊಲೀಸ್ ವೇಷದ ಇಬ್ಬರು, 81 ನಿಮಿಷ, 13 ವಸ್ತುಗಳು. ವರ್ಮೀರ್ ಹೋಯಿತು, ರೆಂಬ್ರಾಂಟ್ ಹೋಯಿತು. ಖಾಲಿ ಚೌಕಟ್ಟುಗಳು ಇವತ್ತಿಗೂ ಅಲ್ಲೇ ಇವೆ. ಅಮ್ಮ ಅವುಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಹೊರಡುವ ಮೊದಲು ಕೆಳಗಿನ ಮಹಡಿಯ ಒಂದು ಪುಟ್ಟ ಕೋಣೆಯಲ್ಲಿ ನಿಂತಳು. ಅಲ್ಲಿ 1922ರಲ್ಲಿ ಸಾರ್ಜೆಂಟನೇ ಬರೆದ ಇನ್ನೊಂದು ಚಿತ್ರ ಇದೆ, ಜಲವರ್ಣದ್ದು. ಪಾರ್ಶ್ವವಾಯು ಹೊಡೆದ ಮೇಲಿನ ಇಸಬೆಲ್ಲಾ. ತಲೆಯಿಂದ ಕಾಲಿನ ತನಕ ಬಿಳಿ ಬಟ್ಟೆ ಸುತ್ತಿದೆ, ಮುಖ ಮಾತ್ರ ಕಾಣುತ್ತದೆ. ಮುತ್ತಿಲ್ಲ, ಕೆಂಪು ಕಲ್ಲಿಲ್ಲ. ಈ ಚಿತ್ರದ ಮೇಲೆ ಯಾರೂ ಯಾವತ್ತೂ ಕೊಳಕು ಮಾತು ಕಟ್ಟಲಿಲ್ಲ. “ಕಣ್ಣು ಅದೇ ಇದೆ” ಅಂದಳು ಅಮ್ಮ.

ಊರಿಗೆ ಹೋದಮೇಲೆ ಒಂದು ದಿನ ವಾಟ್ಸಾಪಿನಲ್ಲಿ ಆ ಫೋಟೊ ಕಳಿಸಿದ್ದಳು. ಒಂದು ಮೂಲೆ ಹುಳ ತಿಂದಿದೆ. ಹುಡುಗಿ ಅರ್ಧ ತಿರುಗಿ ಕೂತಿದ್ದಾಳೆ, ನಗುತ್ತಿಲ್ಲ, ನೆಟ್ಟಗೆ ನೋಡುತ್ತಿದ್ದಾಳೆ. ತಲೆಯ ಹಿಂದೆ ಕೆತ್ತನೆ ಚೌಕಟ್ಟಿನ ದುಂಡು ಕನ್ನಡಿ, ಅದರ ತುಂಬ ಬಿಳಿ ಮೊಗ್ಗು. ಚೆನ್ನಾಗಿ ಸ್ಕ್ಯಾನ್ ಮಾಡಿಸಿ ಕಳಿಸು, ಇಲ್ಲಿ ದೊಡ್ಡದು ಮಾಡಿಸುತ್ತೇನೆ, ನಿಮ್ಮ ಹಾಲ್‌ನ ಗೋಡೆಗೆ ಹಾಕೋಣ ಅಂದೆ. “ನೋಡೋಣ” ಅಂದಳು. ಮತ್ತೆ ಕೇಳಿದೆ, ಮತ್ತೆ “ನೋಡೋಣ”. ಆದರೆ ಸ್ಕ್ಯಾನ್ ಮಾಡಿಸಿ ಕಳಿಸಿದಳು. ಎರಡಡಿ ಎತ್ತರಕ್ಕೆ ಪ್ರಿಂಟ್ ಹಾಕಿಸಿದ್ದೇನೆ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ. ಸದ್ಯಕ್ಕೆ ಅದನ್ನು ಸುರುಳಿ ಸುತ್ತಿ ಸೂಟ್‌ಕೇಸಿನಲ್ಲಿ, ಬಟ್ಟೆಗಳ ಮಧ್ಯೆ ಇಟ್ಟಿದ್ದೇನೆ.